ಕಾಣದ ಅದಿರಿಗೆ ಲೆಕ್ಕವಿದೆ, ಕಾಣುವ ನೀರಿಗಿಲ್ಲ

2020ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣಗಳ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು. ಅಲ್ಲಿಯ ನೆಲದಡಿಯಲ್ಲಿ 14,100 ಟನ್ ಲಿಥಿಯಂ ಇದೆಯೆಂಬ ಅಂದಾಜು ಹೊರಬಿದ್ದಿತ್ತು. ಬ್ಯಾಟರಿ ಯುಗದ ಚಿನ್ನ ಕರ್ನಾಟಕದಲ್ಲೇ ದೊರೆಯಿತೆಂಬ ಸಂಭ್ರಮ ಕೆಲವು ದಿನ ನಡೆಯಿತು. 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ನೀಡಿದ ಉತ್ತರದಲ್ಲಿ ಅದೇ ಜಾಗದ ಲಿಥಿಯಂ 1,600 ಟನ್ನಿಗೆ ಇಳಿದಿತ್ತು. ಅದೂ ‘ಊಹಿತ’ ಎಂಬ ದರ್ಜೆಯಲ್ಲಿ. ಹನ್ನೆರಡೂವರೆ ಸಾವಿರ ಟನ್ ಲಿಥಿಯಂ ಒಂದು ವರ್ಷದಲ್ಲಿ ಎಲ್ಲಿಗೂ ಸಾಗಿಹೋಗಲಿಲ್ಲ. ಅದು ಅಲ್ಲಿದೆಯೆಂದು ಮೊದಲಿಗೂ ಯಾರೂ ಕೊರೆದು ತೋರಿಸಿರಲಿಲ್ಲ.

ಇದರಿಂದ ಯಾರಾದರೂ ಪಾಠ ಕಲಿತರೇ? 2023ರ ಫೆಬ್ರುವರಿಯಲ್ಲಿ ಜಮ್ಮುವಿನ ರಿಯಾಸಿ ಜಿಲ್ಲೆಯ ಸಲಾಲ್-ಹೈಮಾನಾ ಪ್ರದೇಶದಲ್ಲಿ 59 ಲಕ್ಷ ಟನ್ ಲಿಥಿಯಂ ಸಂಪನ್ಮೂಲವಿದೆಯೆಂಬ ಪ್ರಕಟಣೆ ಬಂತು. ಪತ್ರಿಕೆಗಳು ಅದನ್ನು 59 ಲಕ್ಷ ಟನ್ ಲೋಹವೆಂದೇ ಓದಿದವು. ಲೆಕ್ಕವಿದ್ದುದು ಅದಿರಿನದು. ಅಂತಹ ಅದಿರಿನಲ್ಲಿ ಲೋಹದ ಪಾಲು ನೂರರಲ್ಲಿ ಒಂದಂಶವೂ ಇರುವುದಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಆ ಜಾಗವನ್ನು ಹರಾಜಿಗಿಡಲಾಯಿತು. ಅಗತ್ಯವಿದ್ದಷ್ಟು ಅರ್ಹ ಬಿಡ್‌ದಾರರು ಬಾರದೆ 2024ರ ಮಾರ್ಚಿನಲ್ಲಿ ಹರಾಜು ರದ್ದಾಯಿತು. ಭೂಮಿಯೊಳಗಿನ ನಿಧಿಯನ್ನು ಕುರಿತು ಭಾಷಣ ಮಾಡಿದವರಿಗಿಂತ ಹಣ ಹೂಡಬೇಕಾದವರು ವರದಿಯನ್ನು ಎಚ್ಚರದಿಂದ ಓದಿದ್ದರೆಂದು ಇದರಿಂದ ತಿಳಿಯಬಹುದು. ಚಿನಾಬ್ ನದಿಯ ದಂಡೆಯ ಆ ಹಳ್ಳಿಗರು ಮಾತ್ರ ತಮ್ಮ ಮನೆಯಡಿಯ ನೆಲ ಯಾರದಾಗಲಿದೆ ಎಂಬ ಪ್ರಶ್ನೆಯೊಂದಿಗೆ ಕಾಲ ಕಳೆಯಬೇಕಾಯಿತು.

ಮಲೆನಾಡಿನ ಹಳ್ಳಿಗಳಿಗೆ ಈ ಎರಡು ಪ್ರಸಂಗಗಳು ದೂರದವೆಂದು ತೋರಬಹುದು. ಆದರೆ ಪಶ್ಚಿಮಘಟ್ಟದ ಗುಡ್ಡಗಳ ಮೇಲೆ ಇಂತಹದೇ ಒಂದು ಅಂಕಿ ದಶಕಗಳಿಂದ ಕುಳಿತಿದೆ. ಆ ಅಂಕಿಯನ್ನು ಬರೆಯುವ ವಿಧಾನವೇನು, ಅದರಲ್ಲಿ ಎಷ್ಟು ತಿಳಿವಳಿಕೆಯಿದೆ, ಎಷ್ಟು ಊಹೆಯಿದೆ, ಅದರಿಂದ ಹೊರಗೆ ಉಳಿದದ್ದೇನು ಎಂಬುದನ್ನು ಗುಡ್ಡದ ಬುಡದಲ್ಲಿ ಬದುಕುವವರು ಅರಿಯದಿದ್ದರೆ, ಅರಿತವರು ಬಂದು ಅವರ ಪರವಾಗಿ ನಿರ್ಧರಿಸುತ್ತಾರೆ.

ಕಾಣದ ಖನಿಜವನ್ನು ಎಣಿಸುವ ಒಂದು ಶಾಸ್ತ್ರವೇ ಇದೆ. ಅದನ್ನು ಮೊದಲೇ ಹುಸಿಯೆಂದು ತಳ್ಳಿಹಾಕುವುದು ಸರಿಯಲ್ಲ. ಅದಿರು ಭೂಮಿಯಲ್ಲಿ ಎಲ್ಲೆಂದರಲ್ಲಿ ಹರಡಿಕೊಂಡಿಲ್ಲ. ಲೋಹ ಒದಗಿಸುವ ಮೂಲಶಿಲೆ ಇರಬೇಕು. ಆ ಲೋಹವನ್ನು ಕರಗಿಸಿ ಒಯ್ಯುವ ಬಿಸಿನೀರೋ ಶಿಲಾಪಾಕವೋ ಬೇಕು. ಅದು ಹರಿಯಲು ಬಿರುಕುಗಳ ದಾರಿ ಬೇಕು. ಕೊನೆಗೆ ಲೋಹ ತಂಗಿ ಗಟ್ಟಿಯಾಗುವ ತಾಣ ಬೇಕು. ಮತ್ತೆ ಕೋಟ್ಯಂತರ ವರ್ಷಗಳ ಮಳೆ-ಬಿಸಿಲಿಗೆ ಅದು ಸವೆದುಹೋಗದೆ ಉಳಿದಿರಬೇಕು. ಇವೆಲ್ಲ ಕೂಡಿದ ಏರ್ಪಾಟನ್ನು ಭೂವಿಜ್ಞಾನಿಗಳು ಖನಿಜ ವ್ಯವಸ್ಥೆಯೆಂದು ಕರೆಯುತ್ತಾರೆ. ನಿಕ್ಷೇಪವೊಂದು ಅರ್ಧ ಕಿಲೋಮೀಟರ್ ಅಗಲವಿದ್ದರೆ ಅದನ್ನು ಹುಟ್ಟಿಸಿದ ವ್ಯವಸ್ಥೆಯ ಗುರುತುಗಳು ನೂರಾರು ಕಿಲೋಮೀಟರ್ ಹರಡಿರಬಹುದು. ಆದುದರಿಂದ ನಿಕ್ಷೇಪ ಕಾಣದಿದ್ದರೂ ಅದರ ಸುತ್ತಲ ಗುರುತುಗಳನ್ನು ಹಿಡಿದು ಹುಡುಕುವುದು ಬುದ್ಧಿವಂತಿಕೆಯ ಕೆಲಸವೇ ಸರಿ. ಧಾರವಾಡ ಶಿಲಾವರ್ಗದ ಬಂಡೆಗಳನ್ನು, ಅಂದರೆ ಬಾಬಾಬುಡನ್ ಮತ್ತು ಚಿತ್ರದುರ್ಗದ ಸಾಲುಗಳನ್ನು, ಓದುವುದು ಹೀಗೆಯೇ. ಅವು ಸುಮಾರು 250ರಿಂದ 300 ಕೋಟಿ ವರ್ಷಗಳಷ್ಟು ಹಳೆಯವು.

ಇಡೀ ದೇಶದ ಲೆಕ್ಕ ಹಾಕುವಾಗ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅಮೆರಿಕದ ಭೂಸರ್ವೇಕ್ಷಣ ಸಂಸ್ಥೆಯಲ್ಲಿ ಡೊನಾಲ್ಡ್ ಸಿಂಗರ್ ಮೊದಲಾದವರು 1970ರ ದಶಕದಿಂದ ರೂಪಿಸಿದ ಮೂರು ಭಾಗದ ಪದ್ಧತಿ ಇದರಲ್ಲಿ ಹೆಸರಾದದ್ದು. ಮೊದಲು ಯಾವ ಜಾತಿಯ ನಿಕ್ಷೇಪ ಯಾವ ಶಿಲೆಯಲ್ಲಿ ಇರಲು ಸಾಧ್ಯವೆಂದು ನಕ್ಷೆಯ ಮೇಲೆ ಗೆರೆ ಎಳೆಯುತ್ತಾರೆ. ಎರಡನೆಯದಾಗಿ, ಜಗತ್ತಿನಲ್ಲಿ ಈಗಾಗಲೇ ತಿಳಿದಿರುವ ಅದೇ ಜಾತಿಯ ನಿಕ್ಷೇಪಗಳ ಗಾತ್ರ ಮತ್ತು ಲೋಹದ ಪ್ರಮಾಣವನ್ನು ಮಾದರಿಯಾಗಿ ಇಟ್ಟುಕೊಳ್ಳುತ್ತಾರೆ. ಮೂರನೆಯದಾಗಿ, ಕೆಲವು ತಜ್ಞರು ಒಂದು ಕೋಣೆಯಲ್ಲಿ ಕುಳಿತು, ಗೆರೆಯೊಳಗೆ ಇನ್ನೂ ಪತ್ತೆಯಾಗದ ನಿಕ್ಷೇಪಗಳು ಎಷ್ಟಿರಬಹುದೆಂದು ಹೇಳುತ್ತಾರೆ. ನೂರಕ್ಕೆ ತೊಂಬತ್ತು ಭರವಸೆಯಿಂದ ಎಷ್ಟು? ಐವತ್ತು ಭರವಸೆಯಿಂದ ಎಷ್ಟು? ಹತ್ತು ಭರವಸೆಯಿಂದ ಎಷ್ಟು? ಉದಾಹರಣೆಗೆ ಕನಿಷ್ಠ 1, ಕನಿಷ್ಠ 3, ಕನಿಷ್ಠ 8 ಎಂದು ಹೇಳಿದರೆನ್ನಿ. ಸೂತ್ರಕ್ಕೆ ಹಾಕಿದಾಗ ‘ನಿರೀಕ್ಷಿತ’ ನಿಕ್ಷೇಪಗಳ ಸಂಖ್ಯೆ ಸುಮಾರು 3.8 ಎಂದು ಬರುತ್ತದೆ. ಆಮೇಲೆ ಗಣಕಯಂತ್ರ ಸಾವಿರಾರು ಬಾರಿ ದಾಳ ಉರುಳಿಸಿ ಒಟ್ಟು ಲೋಹದ ಟನ್ನುಗಳನ್ನು ಹೇಳುತ್ತದೆ.

ಮಲೆನಾಡಿನವರಿಗೆ ಇದು ಅಪರಿಚಿತ ವಿದ್ಯೆಯೇನಲ್ಲ. ಅಡಿಕೆ ತೋಟವನ್ನು ಚೇಣಿಗೆ ಹಿಡಿಯುವವನು ತೋಟದೊಳಗೆ ಒಂದು ಸುತ್ತು ನಡೆದು, ಕೊನೆಗಳನ್ನು ಕಣ್ಣಲ್ಲೇ ಎಣಿಸಿ, ಇಷ್ಟು ಕ್ವಿಂಟಲ್ ಬರುತ್ತದೆಂದು ಮಾತು ಕೊಡುತ್ತಾನೆ. ಅವನ ಅಂದಾಜು ಕೆಲವೊಮ್ಮೆ ತಪ್ಪುತ್ತದೆ. ಆದರೆ ಅವನಿಗೆ ಮರಗಳು ಕಾಣುತ್ತವೆ, ಕೊನೆ ಕಾಣುತ್ತದೆ. ಕೊಳೆರೋಗ ಬಂದರೆ ನಷ್ಟ ಅವನ ಕೈಯಿಂದಲೇ ಹೋಗುತ್ತದೆ. ತೋಟ ಯಾರದೆಂಬ ಬಗ್ಗೆಯಂತೂ ಅವನಿಗೆ ಸಂದೇಹವಿರುವುದಿಲ್ಲ. ಕಾಣದ ಖನಿಜಕ್ಕೆ ಚೇಣಿ ಕಟ್ಟುವವರಿಗೆ ಮರವೂ ಕಂಡಿಲ್ಲ, ಕೊನೆಯೂ ಕಂಡಿಲ್ಲ; ಅಂದಾಜು ತಪ್ಪಿದರೆ ನಷ್ಟ ಹೊರುವವರೇ ಬೇರೆ.

ಸರಾಸರಿಯೆಂಬ ಮಾತಿನಲ್ಲಿರುವ ಮೋಸವನ್ನೂ ಇಲ್ಲಿ ಬಿಡಿಸಿ ಹೇಳಬೇಕು. ಹತ್ತು ಮನೆಗಳ ಒಂದು ಊರಿನಲ್ಲಿ ಒಂಬತ್ತು ಮನೆಗಳಿಗೆ ತಲಾ 2 ಕ್ವಿಂಟಲ್ ಅಡಿಕೆ, ಒಬ್ಬ ಜಮೀನ್ದಾರನಿಗೆ 182 ಕ್ವಿಂಟಲ್ ಇದ್ದರೆ, ಊರಿನ ಸರಾಸರಿ ಮನೆಗೆ 20 ಕ್ವಿಂಟಲ್. ಇಪ್ಪತ್ತು ಕ್ವಿಂಟಲ್ ಇರುವ ಮನೆ ಆ ಊರಿನಲ್ಲಿ ಒಂದೂ ಇಲ್ಲ. ಲೋಹದ ನಿಕ್ಷೇಪಗಳ ಸ್ಥಿತಿಯೂ ಇದೇ. ಹೆಚ್ಚಿನವು ಸಣ್ಣವು, ಲೋಹದ ದೊಡ್ಡ ಪಾಲು ಬೆರಳೆಣಿಕೆಯ ದೈತ್ಯ ನಿಕ್ಷೇಪಗಳಲ್ಲಿರುತ್ತದೆ. ಆದುದರಿಂದ ಅಂದಾಜಿನ ಸರಾಸರಿ ಯಾವಾಗಲೂ ನಡುಬೆಲೆಗಿಂತ ಮೇಲೆ ನಿಲ್ಲುತ್ತದೆ. ಸರಾಸರಿಯಷ್ಟು ಲೋಹ ನಿಜವಾಗಿ ಸಿಗುವ ಸಂಭವ ಅರ್ಧಕ್ಕಿಂತ ಕಡಿಮೆ. ಜಗತ್ತಿನ ಕಾಣದ ತಾಮ್ರ ಸುಮಾರು 350 ಕೋಟಿ ಟನ್ ಎಂದು ಅಮೆರಿಕದ ಸಂಸ್ಥೆ 2014ರಲ್ಲಿ ಪ್ರಕಟಿಸಿದ್ದು ಸರಾಸರಿಯ ಅಂಕಿ. ಅದರಲ್ಲಿ ತೆಗೆಯಲು ಲಾಭದಾಯಕವಾದದ್ದು ಎಷ್ಟೆಂಬ ಸೋಸುವಿಕೆ ಇಲ್ಲವೆಂದು ವಿಜ್ಞಾನಿಗಳೇ ಪ್ರಾಮಾಣಿಕವಾಗಿ ಬರೆದಿದ್ದರು. ಪ್ರಾಮಾಣಿಕತೆ ವರದಿಯ ಒಳಪುಟದಲ್ಲಿರುತ್ತದೆ. ಮಂತ್ರಿಗಳ ಕೈಗೆ ಸಿಗುವುದು ಮುಖಪುಟ.

ಆಫ್ಘಾನಿಸ್ತಾನದ ಕಥೆಯನ್ನು ಇದಕ್ಕೆ ಕನ್ನಡಿಯಾಗಿ ಹಿಡಿಯಬಹುದು. ಸೋವಿಯತ್ ಕಾಲದಲ್ಲಿ ತಯಾರಾದ ಭೂನಕ್ಷೆಗಳನ್ನು 1990ರ ದಶಕದ ಯುದ್ಧದ ನಡುವೆ ಅಲ್ಲಿಯ ಭೂವಿಜ್ಞಾನಿಗಳು ಮನೆಗಳಲ್ಲಿ ಬಚ್ಚಿಟ್ಟು ಕಾಪಾಡಿದ್ದರು. 2001ರ ನಂತರ ಅವನ್ನು ಕಚೇರಿಗೆ ತಂದು ಒಪ್ಪಿಸಿದರು. ಆ ನಕ್ಷೆಗಳ ಆಧಾರದ ಮೇಲೆ ಅಮೆರಿಕದ ಭೂಸರ್ವೇಕ್ಷಣ ಸಂಸ್ಥೆ 2007ರಲ್ಲಿ ದೇಶದ ಖನಿಜಗಳ ಪ್ರಾಥಮಿಕ ಅಂದಾಜನ್ನು ಪ್ರಕಟಿಸಿತು. ಅದು ವಿಜ್ಞಾನಿಗಳಿಗಾಗಿ ಬರೆದ, ಷರತ್ತುಗಳಿಂದ ತುಂಬಿದ ವರದಿ. 2010ರ ಜೂನಿನಲ್ಲಿ ಅದೇ ಅಂಕಿಗಳನ್ನು ಮಾರುಕಟ್ಟೆಯ ದರದಿಂದ ಗುಣಿಸಿ, ಆಫ್ಘಾನಿಸ್ತಾನದಲ್ಲಿ ಸುಮಾರು ಒಂದು ಲಕ್ಷ ಕೋಟಿ ಡಾಲರ್ ಬೆಲೆಯ ಖನಿಜವಿದೆಯೆಂದು ಅಮೆರಿಕದ ಅಧಿಕಾರಿಗಳು ಪತ್ರಿಕೆಗೆ ಹೇಳಿದರು. ತೋಡುವ ಖರ್ಚು, ರಸ್ತೆ, ನೀರು, ವಿದ್ಯುತ್ತು, ಮುಳುಗುವ ಹಳ್ಳಿ ಯಾವುದನ್ನೂ ಆ ಗುಣಾಕಾರದಲ್ಲಿ ಕಳೆದಿರಲಿಲ್ಲ. ಅಯ್ನಾಕ್‌ನ ತಾಮ್ರ ಊಹೆಯದಲ್ಲ, ಕೊರೆದು ನೋಡಿದ ನಿಕ್ಷೇಪ. ಅದರ ಗುತ್ತಿಗೆ 2008ರಲ್ಲೇ ಚೀನಾದ ಕಂಪನಿಗೆ ಹೋಗಿತ್ತು. ಹದಿನಾರು ವರ್ಷ ಕಳೆದ ಮೇಲೆ, 2024ರಲ್ಲಿ, ಅಲ್ಲಿಗೆ ಹೋಗುವ ರಸ್ತೆಯ ಕಾಮಗಾರಿಗೆ ಚಾಲನೆ ನೀಡಲಾಯಿತು. ಆ ತಾಮ್ರದ ಮೇಲೆ ಪುರಾತನ ಬೌದ್ಧ ವಿಹಾರಗಳ ಪಟ್ಟಣವೊಂದಿದೆ. ಲಕ್ಷ ಕೋಟಿ ಡಾಲರಿನ ಲೆಕ್ಕದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಆದರೆ ಈ ಪದ್ಧತಿ ಹುಟ್ಟಿದ ಕಾರಣ ಬೇರೆಯಾಗಿತ್ತೆಂಬುದನ್ನು ಇಂದು ಯಾರೂ ನೆನೆಯುವುದಿಲ್ಲ. 1964ರ ಅಮೆರಿಕದ ಅರಣ್ಯಧಾಮ ಕಾಯಿದೆಯೇ, ಕಾಯ್ದಿಡಬೇಕಾದ ಕಾಡುಗಳಲ್ಲಿ ಯಾವ ಖನಿಜವಿದೆಯೆಂದು ಸಮೀಕ್ಷೆ ಮಾಡುವಂತೆ ವಿಧಿಸಿತ್ತು. 1970ರ ದಶಕದಲ್ಲಿ ಅಲಾಸ್ಕದ ಯಾವ ಭೂಮಿಯನ್ನು ಶಾಶ್ವತವಾಗಿ ರಕ್ಷಿಸಬೇಕು, ಯಾವುದನ್ನು ಬಿಡಬೇಕು ಎಂಬ ಚರ್ಚೆ ನಡೆಯುತ್ತಿದ್ದಾಗ, ನಿರ್ಧರಿಸುವವರ ಮುಂದೆ ಇಡಲೆಂದು ಅಲ್ಲಿಯ ಖನಿಜ ಅಂದಾಜುಗಳು ತಯಾರಾದವು. ಒಂದು ತಟ್ಟೆಯಲ್ಲಿ ಕಾಡು, ನದಿ, ಪ್ರಾಣಿ, ಅಲ್ಲಿಯ ಮೂಲನಿವಾಸಿಗಳ ಬದುಕು. ಇನ್ನೊಂದರಲ್ಲಿ ಕಾಣದ ಖನಿಜದ ಅಂದಾಜು. 1980ರ ಕಾಯಿದೆಯ ಮೂಲಕ ಅಲಾಸ್ಕದಲ್ಲಿ ಹತ್ತು ಕೋಟಿ ಎಕರೆಗೂ ಹೆಚ್ಚು ಭೂಮಿ ರಕ್ಷಣೆಗೆ ಸೇರಿತು. ಖನಿಜವಿರಬಹುದೆಂದು ತಿಳಿದೂ ಬಿಟ್ಟುಕೊಟ್ಟ ಭೂಮಿಯದು. ತಕ್ಕಡಿಗೆ ಎರಡು ತಟ್ಟೆಗಳಿದ್ದವು. ಭಾರತಕ್ಕೆ ಈ ವಿದ್ಯೆಯನ್ನು ತರುವಾಗ ಒಂದು ತಟ್ಟೆಯನ್ನು ಹಡಗಿನಲ್ಲೇ ಬಿಟ್ಟು ಬಂದಂತಿದೆ.

ಇಲ್ಲಿಯ ಏರ್ಪಾಟು ಹೀಗಿದೆ. ಅಂತರರಾಷ್ಟ್ರೀಯ ಪದ್ಧತಿಯೊಂದರಂತೆ ಪ್ರತಿ ಖನಿಜದ ಅಂದಾಜಿಗೂ ಮೂರು ಅಂಕಿಗಳ ಒಂದು ಸಂಕೇತ ಕೊಡುತ್ತಾರೆ. ಮೊದಲ ಅಂಕಿ ಅದನ್ನು ತೆಗೆದರೆ ಲಾಭವಿದೆಯೇ ಎಂಬುದನ್ನು, ಎರಡನೆಯದು ತೆಗೆಯುವ ಸಾಧ್ಯತೆಯನ್ನು ಎಷ್ಟು ಪರೀಕ್ಷಿಸಲಾಗಿದೆ ಎಂಬುದನ್ನು, ಮೂರನೆಯದು ನೆಲವನ್ನು ಎಷ್ಟು ಕೊರೆದು ನೋಡಲಾಗಿದೆ ಎಂಬುದನ್ನು ಹೇಳುತ್ತದೆ. 111 ಎಂದರೆ ಎಲ್ಲವೂ ಸಾಬೀತಾದದ್ದು. 334 ಎಂದರೆ ಲಾಭ ಗೊತ್ತಿಲ್ಲ, ಸಾಧ್ಯತೆ ಪರೀಕ್ಷಿಸಿಲ್ಲ, ನೆಲವನ್ನು ಮೇಲಿಂದ ಮೇಲೆ ನೋಡಿದ್ದಷ್ಟೇ. ಮಂಡ್ಯ, ರಿಯಾಸಿಗಳ ‘ಊಹಿತ’ ದರ್ಜೆ ಇದಕ್ಕಿಂತ ಒಂದೇ ಮೆಟ್ಟಿಲು ಮೇಲಿನದು, 333. ಪೂರ್ತಿ ಕಾಣದ ಖನಿಜದ ಅಂದಾಜಂತೂ ಈ ಏಣಿಗೇ ಇನ್ನೂ ಕಾಲಿಟ್ಟಿಲ್ಲ. ಹೀಗಿದ್ದೂ 2021ರಲ್ಲಿ ಕೇಂದ್ರ ಸರ್ಕಾರ ನಿಯಮಗಳನ್ನು ತಿದ್ದಿ, ಕೆಳಗಿನ ಮೆಟ್ಟಿಲಾದ ಜಿ-4 ಹಂತದಲ್ಲೇ ಶೋಧನೆ ಮತ್ತು ಗಣಿಗಾರಿಕೆ ಎರಡಕ್ಕೂ ಸೇರಿದ ಸಂಯುಕ್ತ ಪರವಾನಗಿಯನ್ನು ಹರಾಜು ಹಾಕಲು ದಾರಿ ಮಾಡಿಕೊಟ್ಟಿತು. ಅಲ್ಲಿ ಖನಿಜ ಎಷ್ಟಿದೆಯೆಂಬುದು ಸ್ಥಾಪಿತವಾಗಿರಬೇಕಿಲ್ಲ. ಇರುವ ಸಂಭವವಿದ್ದರೆ ಸಾಕು. ಮಗು ಹುಟ್ಟುವ ಮೊದಲು ಕುಲಾವಿ ಹೊಲಿಸುವುದನ್ನು ಹಳ್ಳಿಗರು ಹಾಸ್ಯ ಮಾಡುತ್ತಾರೆ. ಇಲ್ಲಿ ಹುಟ್ಟದ ಮಗುವಿನ ಹೆಸರಿನಲ್ಲಿ ಮನೆಯ ಹರಾಜೇ ನಡೆಯುತ್ತಿದೆ.

ಈ ಸಂಕೇತಗಳ ಬೆಳಕಿನಲ್ಲಿ ಕರ್ನಾಟಕದ ಮ್ಯಾಗ್ನೆಟೈಟ್ ಅದಿರನ್ನು ನೋಡಬೇಕು. ಇಂಡಿಯನ್ ಬ್ಯೂರೋ ಆಫ್ ಮೈನ್ಸ್ ಸಂಸ್ಥೆಯ ರಾಷ್ಟ್ರೀಯ ಖನಿಜ ದಾಖಲೆಯಂತೆ 2015ರ ಏಪ್ರಿಲ್ 1ರಂದು ದೇಶದಲ್ಲಿದ್ದ ಮ್ಯಾಗ್ನೆಟೈಟ್ ಸುಮಾರು 1,079 ಕೋಟಿ ಟನ್. ಅದರ ಮುಕ್ಕಾಲು ಪಾಲಿಗೆ ಸಮೀಪದಷ್ಟು ಕರ್ನಾಟಕದ್ದು. ಅದರಲ್ಲಿ ದೊಡ್ಡ ಭಾಗ ಪಶ್ಚಿಮಘಟ್ಟದಲ್ಲಿರುವಂಥದು. ಆದರೆ ಒಟ್ಟು 1,079 ಕೋಟಿ ಟನ್ನಿನಲ್ಲಿ ‘ರಿಸರ್ವ್’, ಅಂದರೆ ತೆಗೆಯಲು ಯೋಗ್ಯವೆಂದು ಖಚಿತವಾದದ್ದು, ಬರಿಯ 5.3 ಕೋಟಿ ಟನ್. ಉಳಿದದ್ದು ‘ಉಳಿದ ಸಂಪನ್ಮೂಲ’ ಎಂಬ ಕಲಮಿನಲ್ಲಿದೆ. ಉಕ್ಕಿನ ಉದ್ಯಮದ ಪರ ವಾದಿಸುವವರು 1,079ನ್ನು ಹೇಳುತ್ತಾರೆ, 5.3ನ್ನು ಹೇಳುವುದಿಲ್ಲ. ಘಟ್ಟದ ಅದಿರು ಕಾಡಿನ ಕಾನೂನಿನಿಂದಾಗಿ ‘ಬಂಧಿತ’ವಾಗಿದೆ, ಬಿಡುಗಡೆ ಮಾಡಬೇಕು ಎಂಬುದು ಅವರ ವಾದ. ಕಾನೂನಿನ ಮಾತು ನಿಜ. ಆ ಕಾನೂನು ಏಕೆ ಬಂತೆಂಬ ಮಾತನ್ನು ಅವರು ಎತ್ತುವುದಿಲ್ಲ.

ಅದನ್ನು ಕುದುರೆಮುಖ ಹೇಳುತ್ತದೆ. ಅಲ್ಲಿಯ ಕಬ್ಬಿಣದ ಅದಿರನ್ನು ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲಿ ಗುರುತಿಸಿದ್ದರು. ಅರವತ್ತು ವರ್ಷ ಅದು ಕಾಗದದ ಮೇಲಿನ ಅದಿರಾಗಿಯೇ ಉಳಿಯಿತು. 1976ರಲ್ಲಿ ಇರಾನಿನ ಷಾ ಸಾಲ ಕೊಡಲೊಪ್ಪಿದಾಗ ಕಂಪನಿ ಹುಟ್ಟಿತು. ಅದಿರನ್ನೂ ಅವರೇ ಕೊಳ್ಳುವರೆಂಬುದು ಒಪ್ಪಂದ. 1979ರ ಕ್ರಾಂತಿಯ ನಂತರ ಕೊಳ್ಳುವವರೇ ಹಿಂದೆ ಸರಿದರು. ಅಷ್ಟರಲ್ಲಿ ಗುಡ್ಡ ಅಗೆದಾಗಿತ್ತು, ಅಣೆಕಟ್ಟು ಕಟ್ಟಿಯಾಗಿತ್ತು, ಮಂಗಳೂರಿಗೆ 67 ಕಿ.ಮೀ. ಕೊಳವೆ ಹೂಳಿಯಾಗಿತ್ತು. ಆದುದರಿಂದ ಬೇರೆ ಗಿರಾಕಿಗಳನ್ನು ಹುಡುಕಿ ಗಣಿ ಮುಂದುವರಿಯಿತು. ಅಂದಾಜಿನ ಮೇಲೆ ಕಟ್ಟಿದ ಯೋಜನೆಗಳ ಸ್ವಭಾವ ಇದು: ಅಂದಾಜಿನ ಆಧಾರ ಕುಸಿದರೂ ಯೋಜನೆ ನಿಲ್ಲುವುದಿಲ್ಲ.

ಅಲ್ಲಿಯ ಅದಿರು ಕಡಿಮೆ ದರ್ಜೆಯದು. ಸುಮಾರು ಮೂರು ಟನ್ ಅಗೆದರೆ ಒಂದು ಟನ್ ಸಾರ ಸಿಗುತ್ತಿತ್ತು. ಉಳಿದ ಎರಡು ಟನ್ ಪುಡಿ ನೀರಿನೊಡನೆ ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ, ನೂರು ಮೀಟರಿಗೆ ಸಮೀಪ ಎತ್ತರದ ಅಣೆಕಟ್ಟಿನ ಹಿಂದೆ ಸೇರುತ್ತಿತ್ತು. ವರ್ಷಕ್ಕೆ 6,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಾಗದಲ್ಲಿ ಅಗೆದ ಗುಡ್ಡದ ಮಣ್ಣು ಎಲ್ಲಿಗೆ ಹೋಯಿತೆಂಬುದನ್ನು ಭದ್ರಾ ನದಿಯ ದಂಡೆಯವರು ಮಳೆಗಾಲಗಳಲ್ಲಿ ಕೆಂಪು ನೀರಿನಲ್ಲಿ ಕಂಡರು. ರೈತರು, ವಿದ್ಯಾರ್ಥಿಗಳು, ವಿಜ್ಞಾನಿಗಳು ಸೇರಿ ವರ್ಷಗಳ ಕಾಲ ಹೋರಾಡಿದರು. ಸರ್ವೋಚ್ಚ ನ್ಯಾಯಾಲಯ 2002ರ ಅಕ್ಟೋಬರ್ 30ರಂದು ತೀರ್ಪು ನೀಡಿ 2005ರ ಕೊನೆಗೆ ಗಣಿ ನಿಲ್ಲಬೇಕೆಂದಿತು, ನಿಂತಿತು. ಲಕ್ಯಾದ ಹೂಳು ಮಾತ್ರ ಇಂದಿಗೂ ಅಲ್ಲೇ ಇದೆ. ಅದನ್ನು ಯಾವ ಖನಿಜ ದಾಖಲೆಯೂ ಕಳೆಯುವ ಕಲಮಿನಲ್ಲಿ ಬರೆದಿಲ್ಲ.

ಅಂದಾಜಿನವರು ಕೈಬಿಟ್ಟ ಇನ್ನೊಂದು ಸಂಗತಿ ಭೂವಿಜ್ಞಾನದ್ದೇ ಆಗಿರುವುದು ವಿಪರ್ಯಾಸ. ಕಬ್ಬಿಣದ ಪಟ್ಟಿಗಳಿರುವ ಶಿಲೆ ಗಡಸು. ಸುತ್ತಲಿನ ಮೆತು ಬಂಡೆ ಸವೆದು ಹೋದಾಗ ಅದು ಎತ್ತರದ ಏಣಾಗಿ ಉಳಿಯುತ್ತದೆ. ಬಾಬಾಬುಡನ್‌ನ ಕುದುರೆ ಲಾಳದಾಕಾರದ ಸಾಲು, ಗಂಗಾಮೂಲದ ಸುತ್ತಲಿನ ಶಿಖರಗಳು ಹೀಗೆ ಉಳಿದವು. ಎತ್ತರದಲ್ಲಿ ಉಳಿದುದರಿಂದಲೇ ಅವು ಮುಂಗಾರಿನ ಮೋಡವನ್ನು ತಡೆಯುತ್ತವೆ. ಅವುಗಳ ನೆತ್ತಿಯ ಹುಲ್ಲುಗಾವಲು, ಕಣಿವೆಯ ಶೋಲಾ ಕಾಡು, ಜಂಬಿಟ್ಟಿಗೆಯ ಹೊದಿಕೆ ಆ ನೀರನ್ನು ಕುಡಿದು ಬೇಸಿಗೆಯವರೆಗೆ ಸ್ವಲ್ಪಸ್ವಲ್ಪವಾಗಿ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿಗಳು ಒಂದೇ ಪರ್ವತಭಾಗದಲ್ಲಿ ಹುಟ್ಟುವುದು ಆಕಸ್ಮಿಕವಲ್ಲ. ಅಂದರೆ ಅದಿರಿನ ನಕ್ಷೆ ಮತ್ತು ನದಿಮೂಲದ ನಕ್ಷೆ ಬಹುಮಟ್ಟಿಗೆ ಒಂದೇ. ಅದಿರನ್ನು ತೆಗೆದು ನೀರನ್ನು ಉಳಿಸುತ್ತೇವೆ ಎನ್ನುವವರು ಈ ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದವರಲ್ಲ. ತೋಟದ ಮೇಲಿನ ಸೊಪ್ಪಿನಬೆಟ್ಟದಿಂದ ದಂಬೆಯಲ್ಲಿ ನೀರು ಇಳಿಸಿಕೊಂಡು ಬದುಕುವ ಕುಟುಂಬಕ್ಕೆ ಆ ಬೆಟ್ಟದ ಅಡಿಯಲ್ಲಿ 334 ಇದ್ದರೇನು, 333 ಇದ್ದರೇನು?

ಇಷ್ಟಾದರೂ ಹಿಂದಿನ ಕಾಲದಲ್ಲಿ ಒಂದು ಬಾಗಿಲು ತೆರೆದಿರುತ್ತಿತ್ತು. ಗಣಿ ಬರುವ ಮುನ್ನ ಸಾರ್ವಜನಿಕ ಅಹವಾಲು ಸಭೆ ಸೇರಬೇಕಿತ್ತು. ಅಧಿಕಾರಿಗಳು ಶಾಮಿಯಾನದಡಿ ಕುಳಿತು, ಕೇಳಿಸಿಕೊಳ್ಳಲಿ ಬಿಡಲಿ, ಜನರ ಮಾತನ್ನು ದಾಖಲೆಗೆ ಸೇರಿಸಬೇಕಿತ್ತು. 2023ರಲ್ಲಿ ತಿದ್ದಿದ ಗಣಿ ಕಾಯಿದೆ 24 ಖನಿಜಗಳನ್ನು ‘ನಿರ್ಣಾಯಕ ಮತ್ತು ವ್ಯೂಹಾತ್ಮಕ’ ಎಂಬ ಪಟ್ಟಿಗೆ ಸೇರಿಸಿ, ಅವುಗಳ ಹರಾಜನ್ನು ಕೇಂದ್ರದ ಕೈಗೆ ಕೊಟ್ಟಿತು. ಅದೇ ವರ್ಷದ ಅರಣ್ಯ ಕಾಯಿದೆಯ ತಿದ್ದುಪಡಿಯಂತೆ, ಕಾಡಿನಲ್ಲಿ ನಡೆಯುವ ಖನಿಜ ಶೋಧನೆಯನ್ನು ಅರಣ್ಯೇತರ ಚಟುವಟಿಕೆಯೆಂದು ಎಣಿಸದಿರುವ ಅಧಿಕಾರ ಕೇಂದ್ರಕ್ಕೆ ಬಂತು. 2025ರ ಸೆಪ್ಟೆಂಬರಿನಲ್ಲಿ ಪರಿಸರ ಸಚಿವಾಲಯವೇ ನಿರ್ಣಾಯಕ, ವ್ಯೂಹಾತ್ಮಕ ಮತ್ತು ಪರಮಾಣು ಖನಿಜಗಳ ಗಣಿಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡಿತು. ಲಿಥಿಯಂ, ವನೇಡಿಯಂ, ನಿಕ್ಕಲ್, ಟಂಗ್‌ಸ್ಟನ್, ಪ್ಲಾಟಿನಂ ಗುಂಪಿನ ಲೋಹಗಳು ಆ ಪಟ್ಟಿಯಲ್ಲಿವೆ. ಚನ್ನಗಿರಿ ತಾಲ್ಲೂಕಿನ ಹನುಮಲಾಪುರದಲ್ಲಿ ಪ್ಲಾಟಿನಂ ಗುಂಪಿನ ಲೋಹಗಳನ್ನು ಗುರುತಿಸಿ ವರ್ಷಗಳೇ ಆದವು. ಅಂದಾಜಿನವರು ಒಂದು ಬೆಟ್ಟದ ಮುಂದೆ ಯಾವ ಲೋಹದ ಹೆಸರು ಬರೆಯುತ್ತಾರೆ ಎಂಬುದರ ಮೇಲೆ ಆ ಬೆಟ್ಟದ ಜನರಿಗೆ ಮಾತನಾಡುವ ಹಕ್ಕಿದೆಯೋ ಇಲ್ಲವೋ ನಿರ್ಧಾರವಾಗುವ ಕಾಲ ಬಂದಿದೆ. ಇದೇ ಇಂದಿನ ಮುಖ್ಯ ಅಪಾಯ.

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡನ್ನು 2024ರ ಜುಲೈನಲ್ಲಿ ಆರನೆಯ ಬಾರಿ ಹೊರಡಿಸಿದಾಗ, ಆಕ್ಷೇಪಣೆಗೆ 60 ದಿನಗಳ ಅವಕಾಶವಿತ್ತು. ಕರ್ನಾಟಕದ 20,668 ಚದರ ಕಿಲೋಮೀಟರಿನ ಬಗ್ಗೆ ಊರೂರಲ್ಲಿ ಸಭೆ ನಡೆಯಿತು, ವಿರೋಧವೂ ಬಂತು, ರಾಜ್ಯ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಆ ವಿರೋಧದಲ್ಲಿ ಸಣ್ಣ ರೈತರ ನಿಜವಾದ ಭಯವಿತ್ತು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕಾಡನ್ನು ಉಳಿಸುವ ನಕ್ಷೆಗೆ ಆಕ್ಷೇಪಣೆ ಸಲ್ಲಿಸಲು 60 ದಿನ ದೊರೆಯುತ್ತದೆ, ಗುಡ್ಡವನ್ನು ಅಗೆಯುವ ನಕ್ಷೆಗೆ ಒಂದು ದಿನವೂ ದೊರೆಯುವುದಿಲ್ಲ. ವೇದಿಕೆಗಳ ಮೇಲೆ ಕೂಗಾಡಿದ ಜನಪ್ರತಿನಿಧಿಗಳಲ್ಲಿ ಎಷ್ಟು ಮಂದಿ ಈ ಎರಡನೆಯ ನಕ್ಷೆಯನ್ನು ಕಣ್ಣಾರೆ ಕಂಡಿದ್ದಾರೆ?

ದೇಶಕ್ಕೆ ಲೋಹ ಬೇಡವೇ, ಬ್ಯಾಟರಿ ಬೇಡವೇ ಎಂಬ ಪ್ರಶ್ನೆ ಕೂಡಲೇ ಬರುತ್ತದೆ. ಬೇಕು. ಎಷ್ಟು ಬೇಕು, ಎಲ್ಲಿಂದ, ಯಾವ ಬೆಲೆಗೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವಾಗಿ ಒಂದೇ ಒಂದು ಟನ್ನಿನ ಅಂಕಿಯನ್ನು ಕೊಡುವುದು ಮಾತ್ರ ಬೇಡ. ಸಿಕ್ಕಿದ ಅದಿರಿನೊಡನೆ ನಾಡು ಹೇಗೆ ನಡೆದುಕೊಂಡಿತೆಂಬುದಕ್ಕೆ ಬಳ್ಳಾರಿಯ ಬಗೆಗಿನ 2011ರ ಲೋಕಾಯುಕ್ತ ವರದಿ ಇದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಯ ಸಯನೈಡ್ ದಿಬ್ಬಗಳು ಊರಿನ ನಡುವೆಯೇ ನಿಂತಿವೆ. ಕಂಡದ್ದನ್ನು ಹೀಗೆ ಬಳಸಿದವರು ಕಾಣದ್ದರ ಪಟ್ಟಿ ಹಿಡಿದು ಬಂದಾಗ ಹಳ್ಳಿಗಳು ಪುರಾವೆ ಕೇಳುವುದು ಸಹಜ.

ಕೇಳಬೇಕಾದದ್ದೂ ಕಠಿಣವಾದದ್ದೇನಲ್ಲ. ಯಾವ ಅಂದಾಜನ್ನು ಪ್ರಕಟಿಸಿದರೂ ಅದರ ಸರಾಸರಿಯ ಜೊತೆಗೆ ತೊಂಬತ್ತು, ಐವತ್ತು, ಹತ್ತರ ಭರವಸೆಯ ಅಂಕಿಗಳನ್ನೂ ಮೂರಂಕಿಯ ಸಂಕೇತವನ್ನೂ ಕನ್ನಡದಲ್ಲಿ ಪ್ರಕಟಿಸಬೇಕು. ಹರಾಜಿಗೆ ಗುರುತಿಸಿದ ಜಾಗದ ಸರ್ವೆ ನಂಬರುಗಳು ಹರಾಜಿಗೆ ಮೊದಲೇ ಗ್ರಾಮ ಪಂಚಾಯಿತಿಯ ಫಲಕದಲ್ಲಿರಬೇಕು. ಅದೇ ಗುಡ್ಡದ ನೀರು, ಹುಲ್ಲುಗಾವಲು, ಕಾಡುತ್ಪನ್ನ, ಕೆಳಗಿನ ಗದ್ದೆ-ತೋಟಗಳ ಆದಾಯಗಳ ಅಂದಾಜನ್ನು ಅಷ್ಟೇ ಶ್ರದ್ಧೆಯಿಂದ ಮಾಡಿ ಪಕ್ಕದ ಕಲಮಿನಲ್ಲಿ ಬರೆಯಬೇಕು. ಅಹವಾಲು ಸಭೆಯ ವಿನಾಯಿತಿಯನ್ನು ಹಿಂತೆಗೆದುಕೊಳ್ಳಬೇಕು; ಲೋಹ ಎಷ್ಟು ನಿರ್ಣಾಯಕವೋ ಅದನ್ನು ಕುರಿತ ಸಭೆಯೂ ಅಷ್ಟೇ ನಿರ್ಣಾಯಕ. ಸರ್ಕಾರ ಇದನ್ನೆಲ್ಲ ತಾನಾಗಿ ಮಾಡುವುದೆಂದು ನಂಬಿ ಕೂರುವಂತಿಲ್ಲ.

ಎರಡನೆಯ ಕಲಮನ್ನು ಹಳ್ಳಿಗಳೇ ತುಂಬತೊಡಗಬಹುದು, ಅದಕ್ಕೆ ವಿಮಾನದ ಸಮೀಕ್ಷೆ ಬೇಕಿಲ್ಲ. ಪ್ರತಿ ವರ್ಷ ಜನವರಿಯಿಂದ ಮೇ ಕೊನೆಯವರೆಗೆ, ಹದಿನೈದು ದಿನಕ್ಕೊಮ್ಮೆ, ಊರಿನ ಅಬ್ಬಿಯ ಬಾಯಲ್ಲಿ ಅಳತೆ ತಿಳಿದ ಒಂದು ಕೊಡಪಾನವಿಟ್ಟು, ಅದು ತುಂಬಲು ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಟ್ಟರೆ ಸಾಕು. ಹೈಸ್ಕೂಲು, ಕಾಲೇಜುಗಳ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಇದು. ದಿನಾಂಕ, ಹೊತ್ತು, ಜಾಗ, ಅಳೆದವರ ಹೆಸರು, ಆ ನೀರನ್ನು ನಂಬಿದ ಮನೆಗಳ ಸಂಖ್ಯೆ, ಎಕರೆಗಳ ಸಂಖ್ಯೆ ಇಷ್ಟು ಒಂದು ನೋಟು ಪುಸ್ತಕದಲ್ಲಿರಲಿ. ಮೂರು ಬೇಸಿಗೆಯ ಅಳತೆ ಕೂಡಿದ ಮೇಲೆ ಅದನ್ನು ಗ್ರಾಮಸಭೆಯ ನಡಾವಳಿಗೆ ಸೇರಿಸಿ, ಪ್ರತಿಯೊಂದನ್ನು ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಜೊತೆಗೆ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಒಂದೇ ಪ್ರಶ್ನೆ: ಈ ಗ್ರಾಮದ ಗಡಿಯೊಳಗೆ ಯಾವ ಖನಿಜದ ಅಂದಾಜು ಯಾವ ಸಂಕೇತದಲ್ಲಿ ದಾಖಲಾಗಿದೆ, ಅದಕ್ಕಾಗಿ ಎಷ್ಟು ಕಡೆ ನೆಲ ಕೊರೆಯಲಾಗಿದೆ?